ಟವೆಲ್ಲಿನ ಕೆಳಗೆ ಏಳು ವರ್ಷ

ನಾನು ಬದುಕಿನುದ್ದಕ್ಕೂ ನನ್ನದಲ್ಲದ ವಸ್ತುಗಳನ್ನೇ ಮಾರುತ್ತ ಬಂದವನು. ಹೀಗೆಂದ ಕೂಡಲೇ ಪೊಲೀಸರನ್ನು ನೆನೆಯಬೇಡಿ. ನಾನು ದನದ ದಲ್ಲಾಳಿ. ಎಮ್ಮೆ ಒಬ್ಬನದು, ಕೊಳ್ಳುವ ಚೀಲ ಇನ್ನೊಬ್ಬನದು, ನಡುವೆ ಗಂಟಲು ಮಾತ್ರ ನನ್ನದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂದು ಈ ಸೀಮೆಯ ಸಂತೆಗಳ ಧೂಳನ್ನೆಲ್ಲ ಕುಡಿದಿದ್ದೇನೆ. ಎತ್ತು, ಹೋರಿ, ಎಮ್ಮೆ, ಒಮ್ಮೆ ಒಂದು ಮುದಿ ಕುದುರೆ, ಎಲ್ಲಕ್ಕೂ ಬೆಲೆ ಕಟ್ಟಿದ್ದೇನೆ. ಆದರೆ ತೀರಿಹೋದ ದೊಡ್ಡ ಮನುಷ್ಯರೊಬ್ಬರ ಆಯುಷ್ಯದಲ್ಲಿ ಎರಡು ವರ್ಷ ನಮ್ಮೂರಿಗೆ ಕೊಡಿ ಎಂದು ಚೌಕಾಸಿಗೆ ಹೋದದ್ದು ಅದೇ ಮೊದಲು. ಹೋದವನು ಕೊನೆಗೆ, ಕೊಟ್ಟದ್ದು ಹೆಚ್ಚಾಯಿತು, ದಯವಿಟ್ಟು ಕಡಿಮೆ ಮಾಡಿ ಎಂದು ಗೋಗರೆದದ್ದೂ ಅದೇ ಮೊದಲು.

ಆ ದೊಡ್ಡವರು ಯಾರೆಂದು ನಾನು ಹೇಳುವುದಿಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ನಾಟಕ ಬರೆಯುವವರನ್ನು ನಮ್ಮ ಕಡೆ ಕವಿಗಳು ಎನ್ನುತ್ತಿದ್ದರು, ಇವರನ್ನು ಇಂದಿಗೂ ಹಾಗೆಯೇ ಅನ್ನುತ್ತಾರೆ. ಅವರ ನಾಟಕ ನೋಡುತ್ತ ಕುಳಿತ ಹೆಂಗಸರು ನಡುವೆ ತಿರುಗಿ ಅಕ್ಕಪಕ್ಕದವರ ಮುಖ ನೋಡುತ್ತಿದ್ದರಂತೆ, ನಮ್ಮ ಮನೆಯ ಮಾತು ಇವರಿಗೆ ಯಾರು ಹೇಳಿದರು ಎಂದು. ಇಂಥ ಕವಿಗಳು ಹದಿನಾರನೇ ವಯಸ್ಸಿಗೆ ಜಗಳವಾಡಿ ಮನೆ ಬಿಟ್ಟವರು, ಇಪ್ಪತ್ಮೂರನೇ ವಯಸ್ಸಿಗೆ ಬಗಲಲ್ಲಿ ಇಡೀ ನಾಟಕ ಇಟ್ಟುಕೊಂಡು ಒಂದು ಕಂಪನಿಯ ತಂಬುವಿನ ಮುಂದೆ ಬಂದು ನಿಂತರು. ನಡುವಿನ ಏಳು ವರ್ಷಕ್ಕೆ ಒಂದು ಚೂರು ಕಾಗದವಿಲ್ಲ. ಬದುಕಿದ್ದಾಗ ಯಾರಾದರೂ ಕೇಳಿದರೆ "ದನಾ ಕಾಯಾಕತ್ತಿದ್ದೆ" ಎಂದು ನಕ್ಕು ಸುಮ್ಮನಾಗುತ್ತಿದ್ದರಂತೆ.

ಕಾಗದವಿಲ್ಲದ ಜಾಗ ಎಂದರೆ ಬೇಲಿಯಿಲ್ಲದ ಹೊಲ. ಮೇಯಲು ಎಲ್ಲರೂ ಬಂದರು. ಕಾಗವಾಡದ ಕಡೆ ಒಂದು ಮನೆಯಲ್ಲಿ ಕವಿಗಳು ಅಂಗಿ ತೂಗುಹಾಕುತ್ತಿದ್ದ ಗೂಟ ತೋರಿಸುತ್ತಾರೆ. ನಿಪ್ಪಾಣಿಯಲ್ಲಿ ಅವರು ಒರಗಿ ಕುಳಿತು ಬರೆದ ತಂಬಾಕಿನ ಗೋದಾಮಿನ ಗೋಡೆಯಿದೆ, ಗೋದಾಮು ಮಾತ್ರ ಬಿದ್ದುಹೋಗಿದೆ. ರಾಯಬಾಗದವರ ಬಳಿ ಬಾವಿಯ ಮೆಟ್ಟಿಲು, ಅಥಣಿಯವರ ಬಳಿ ಅವರು ಉಂಡು ದುಡ್ಡು ಕೊಡದೆ ಓಡಿಹೋದ ಖಾನಾವಳಿಯ ಕತೆ. ಇವರೆಲ್ಲ ಹೇಳುವ ವರ್ಷಗಳನ್ನು ಕೂಡಿಸಿ ನೋಡಿದರೆ ಕವಿಗಳು ಕಂಪನಿಗೆ ಸೇರುವ ಹೊತ್ತಿಗೆ ಮೊಮ್ಮಕ್ಕಳನ್ನು ಎತ್ತಿಕೊಂಡಿರಬೇಕಿತ್ತು.

ಹೀಗಿರುವಾಗ ಚಿಕ್ಕೋಡಿಯ ಬಾಯಾರು ಆ ಏಳು ವರ್ಷದ ಮೇಲೆ ಕಾದಂಬರಿ ಬರೆಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಬಾಯಾರು ಅನ್ನುವುದು. ಇವರು ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಸುದ್ದಿ ಕೇಳಿದ್ದೇ ನಮ್ಮೂರ ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ನಮ್ಮದು ಕೃಷ್ಣೆಯ ದಂಡೆಯ ಒಂದು ಊರು. ಹೆಸರು ಯಾಕೆ ಹೇಳುವುದಿಲ್ಲವೆಂದು ಕೊನೆಗೆ ತಿಳಿಯುತ್ತದೆ. ಸೊಸೈಟಿಯ ಚೇರಮನ್ನರು ಎದ್ದು ನಿಂತು, "ಉಗಾರದವ್ರು ಹೋಗಿ ಬಂದಾರ, ಯಡೂರದವ್ರು ಹೋಗಿ ಬಂದಾರ. ಎಲ್ಲಾರೂ ಒಂದೊಂದ ವರ್ಷ ಕಡಕೊಂಡ ಹೋದ್ರ ನಮಗ ಉಳಿಯೂದೇನು, ಏನೂ ಬೆಳೀದ ಸವಳ ನೆಲಾ? ನಮ್ಮೂರಾಗೂ ಕವಿಗೋಳು ಇದ್ರು ಅಂತ ಹಿರ್ಯಾರು ಹೇಳ್ತಾರ. ದಲಾಲಾ, ನೀ ಹೋಗು. ಎರಡ ವರ್ಷ ಕೇಳು, ಒಂದಕ್ಕ ಒಪ್ಪು" ಎಂದರು.

ನನಗೂ ಹೆಮ್ಮೆಯೇ ಆಯಿತು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನನ್ನು ಸಾಹಿತ್ಯದ ಕೆಲಸಕ್ಕೆ ಕಳಿಸುವವರು ಎಷ್ಟು ಜನ ಸಿಗುತ್ತಾರೆ?

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದೆರಡು ಮಾತು ಹೇಳಬೇಕು. ಕೇಳಿದರೆ ನಿಮಗೇ ಲಾಭ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಮಾರುವವನ ಕೈಯನ್ನು ಹಿಡಿದು ಮೇಲೆ ಟವೆಲ್ ಹಾಕುತ್ತೇವೆ, ಕೆಳಗೆ ಬೆರಳು ಹಿಡಿಯುತ್ತೇವೆ. ಒಂದು ಬೆರಳಿಗೆ ಒಂದು, ಎರಡು ಬೆರಳಿಗೆ ಎರಡು, ಇಡೀ ಕೈಗೆ ಐದು. ಐದು ದಾಟಿದರೆ ಎರಡು ಸಲ ಹಿಡಿಯಬೇಕು: ಒಂಬತ್ತು ಎನ್ನಬೇಕಾದರೆ ಮೊದಲು ಇಡೀ ಕೈ, ಬಿಟ್ಟು ಮತ್ತೆ ನಾಲ್ಕು ಬೆರಳು. ಟವೆಲ್ಲಿನ ಮೇಲೆ ಬಾಯಿ ಬೇರೆಯದನ್ನೇ ಹೇಳುತ್ತಿರುತ್ತದೆ. "ಇದೇನ ಎಮ್ಮಿಯೋ, ಎಮ್ಮಿ ಚರ್ಮಾ ಹೊದ್ದ ಆಡೋ?" ಎಂದು ಬೈಯುತ್ತಲೇ ಕೆಳಗೆ ಬೆರಳು ಒಳ್ಳೆಯ ಬೆಲೆ ಕೊಡುತ್ತಿರುತ್ತದೆ. ಸುತ್ತ ಹತ್ತು ಮಂದಿ ನಿಂತು ನೋಡುತ್ತಿದ್ದರೂ ವ್ಯವಹಾರ ಇಬ್ಬರದೇ. ಸೋತವನ ಮಾನ ಹೋಗುವುದಿಲ್ಲ, ಗೆದ್ದವನ ಮೇಲೆ ಕಣ್ಣು ಬೀಳುವುದಿಲ್ಲ. ಟವೆಲ್ಲಿನ ಕೆಳಗೆ ಆದದ್ದನ್ನು ಮೇಲೆ ಹೇಳುವ ದಲ್ಲಾಳಿಗೆ ಮುಂದಿನ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ಈ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ನನ್ನಪ್ಪ ಪರರ ದನ ಕಾದವನು, ಮಾರಲು ಅವನ ಬಳಿ ಒಂದು ಬಾಲವೂ ಇರಲಿಲ್ಲ. ಸಂತೆಯಲ್ಲಿ ಕಂಡದ್ದನ್ನು ಮನೆಗೆ ಬಂದು ಅಭ್ಯಾಸ ಮಾಡಬೇಕಾದರೆ ನನಗೆ ಸಿಗುತ್ತಿದ್ದ ಕೈ ನನ್ನ ಸೋದರತ್ತೆಯದು. ಗಂಡ ತೀರಿದ ಮೇಲೆ ತವರಿಗೆ ಬಂದು ನಮ್ಮ ಜೊತೆಯೇ ಉಳಿದವಳು. ಶೇಂಗಾ ಬಿಡಿಸುತ್ತ ಕೂತಿದ್ದರೆ ನಾನು ಅವಳ ಸೆರಗಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಿದ್ದೆ. ವಾರದೊಳಗೆ ಅವಳೇ ನನಗೆ ಹೇಳಿಕೊಡುವಷ್ಟಾದಳು. "ನಿನ್ನ ಬಾಯಿ ಚೊಲೊ ಬೈತೈತಿ, ಆದ್ರ ಮಾರಿ ಖರೆ ಹೇಳಾಕತ್ತೈತಿ ನೋಡು. ಮಾರೀನೂ ಟವೆಲ್ಲ ಹಾಕಿ ಮುಚ್ಚು" ಎಂದವಳು ಅವಳೇ. ನನ್ನ ಅರ್ಧ ಸಂಪಾದನೆ ಆ ಒಂದು ಮಾತಿನಿಂದ ಬಂದದ್ದು. ಈಗ ಅವಳಿಗೆ ತೊಂಬತ್ತರ ಆಸುಪಾಸು.

ಇರಲಿ, ಚಿಕ್ಕೋಡಿಗೆ ಹೋದೆ. ಬಾಯಾರ ಮನೆಯ ಪಡಸಾಲೆಯಲ್ಲಿ ಆಗಲೇ ಒಂದು ಕಬ್ಬಿನ ಹಾಲಿನ ಕ್ಯಾನು, ಎರಡು ಪೆಂಟಿ ಬೆಲ್ಲ ಕೂತಿದ್ದವು. ನನಗಿಂತ ಮೊದಲು ವರ್ಷ ಕೇಳಲು ಬಂದವರ ಗುರುತು. ನಾನು ಬರಿಗೈಯಲ್ಲಿ ಹೋಗಿದ್ದೆ. ವ್ಯಾಪಾರಕ್ಕೆ ಹೋಗುವಾಗ ಕೈಯಲ್ಲಿ ಏನೂ ಒಯ್ಯಬೇಡಿ, ಒಯ್ದರೆ ಗರಜು ನಿಮ್ಮದು, ಅಗತ್ಯ ನಿಮಗೇ ಇದೆ ಎಂದು ಎದುರಿನವರಿಗೆ ಗೊತ್ತಾಗುತ್ತದೆ.

"ಬರ್ರಿ ದಲಾಲ್ರ, ಕೂಡ್ರಿ. ನಿಮ್ಮೂರಿಗಿ ಎಷ್ಟ ಬೇಕ್ರಿ?" ಎಂದರು ಬಾಯಾರು, ಪೀಠಿಕೆಯಿಲ್ಲದೆ.

"ಎರಡ ವರ್ಷ ಬೇಕ್ರಿ ಬಾಯಾರ."

"ಯಾವ ಎರಡ?"

ಈ ಪ್ರಶ್ನೆಯನ್ನು ಕಟ್ಟೆಯ ಮೇಲೆ ಯಾರೂ ಯೋಚಿಸಿರಲಿಲ್ಲ. "ಯಾವ್ದರ ನಡೀತಾವ್ರಿ. ಚೊಲೊ ಎರಡ ಇದ್ರ ನೋಡಿ ಕೊಡ್ರಿ" ಎಂದೆ. ಬಾಯಾರು ಕನ್ನಡಕ ತೆಗೆದು, ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ನಕ್ಕ ಮೇಲೆ ಮನುಷ್ಯರು ಸಡಿಲಾಗುತ್ತಾರೆ, ಅದು ಒಳ್ಳೆಯ ಲಕ್ಷಣ. ನಾನು ಮುಂದಕ್ಕೆ ಸರಿದು ಕೂತೆ.

"ದಾಖಲೆ ಏನೂ ಇಲ್ಲಲ್ರಿ, ಮತ್ತ ನೀವರ ಹೆಂಗ ಬರೀತೀರಿ?" ಎಂದು ಕೇಳಿದೆ.

"ನೀವು ಎಮ್ಮಿ ವಯಸ್ಸ ಹೆಂಗ ಹೇಳ್ತೀರಿ? ಅದಕ್ಕ ಉತಾರ ಇರತೈತೇನು?"

ಹೊಲಕ್ಕೆ ಉತಾರ ಇರುತ್ತದೆ, ಯಾರದು, ಎಷ್ಟು ಎಕರೆ ಎಂದು ಕಚೇರಿಯಲ್ಲಿ ಬರೆದಿರುತ್ತದೆ. ಎಮ್ಮೆಗೆ ಎಲ್ಲಿಯ ಉತಾರ? ಹಲ್ಲು ನೋಡುತ್ತೇವೆ. ಹಲ್ಲು ಸವೆದ ಮೇಲೆ ಕೋಡಿನ ಬುಡ ನೋಡುತ್ತೇವೆ: ಕರು ಹಾಕಿದಾಗಲೆಲ್ಲ ಕೋಡಿನ ಮೇಲೆ ಒಂದು ಉಂಗುರದ ಗೆರೆ ಬೀಳುತ್ತದೆ. ಮೇವಿಲ್ಲದ ವರ್ಷದ ಗೆರೆ ಆಳವಾಗಿರುತ್ತದೆ. ನಾನು ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ಬಾಯಾರು ವಿದ್ಯಾರ್ಥಿಯಂತೆ ಕೇಳಿ, "ಕವಿಗೋಳ ನಾಟಕದಾಗೂ ಅಂಥಾ ಗೆರಿ ಅದಾವ್ರಿ. ಅವ್ರು ಬರದ ಹೆಣಮಕ್ಕಳ ಮಾತ ನೋಡ್ರಿ. ಒಂದ ಸಾಲ ಉದ್ದ, ಒಂದ ಗಿಡ್ಡ, ನಡಕ ಉಸರ. ಅದು ಬೀಸುಕಲ್ಲಿನ ಉಸರ. ಎಲ್ಲೋ ಒಂದ ಕಡೆ, ಭಾಳ ದಿನಾ, ದಿನಾ ಒಬ್ಬಾಕಿ ಬೀಸೂದನ್ನ ಈ ಮನಷ್ಯಾ ಕೇಳ್ಯಾರ. ಆಕೀ ಯಾರು, ಎಲ್ಲಿ ಅನ್ನೂದು ನನಗ ಸಿಗವಲ್ದು" ಎಂದರು.

ನನ್ನ ದಲ್ಲಾಳಿ ರಕ್ತ ಕುದಿಯಿತು. ಗಿರಾಕಿ ಏನು ಹುಡುಕುತ್ತಿದೆಯೋ ಅದೇ ನಮ್ಮ ಕೊಟ್ಟಿಗೆಯಲ್ಲಿದೆ! ನಮ್ಮ ಮನೆಯ ಕತೆ ತೆಗೆದೆ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ದೋಣಿ ದಾಟುವ ದಂಡೆಯ ಮೇಲೆ ಬಂದುಹೋಗುವವರಿಗೆ ರೊಟ್ಟಿ ಬಡಿದು ಬದುಕಿದವಳು. ಒಂದು ಮಳೆಗಾಲ ಹೊಳೆ ತುಂಬಿ ದೋಣಿ ನಿಂತಾಗ ಒಬ್ಬ ಹುಡುಗ ದಾಟಲಾಗದೆ ನಮ್ಮ ದನದ ಕೊಟ್ಟಿಗೆಯಲ್ಲಿ ಉಳಿದನಂತೆ. ಹಗಲೆಲ್ಲ ಏನೋ ಗೀಚುತ್ತಿದ್ದನಂತೆ. ಮುಂದೆ ಕವಿಗಳ ಹೆಸರು ಎಲ್ಲೆಡೆ ಕೇಳತೊಡಗಿದ ಮೇಲೆ ಊರವರು ಅವನೇ ಇವರು ಎಂದರು. ಹೌದೋ ಅಲ್ಲವೋ, ಹೆಸರನ್ನು ಆಯಿ ಕೇಳಿರಲೇ ಇಲ್ಲ.

"ಎಷ್ಟ ದಿನಾ ಇದ್ದ?" ಬಾಯಾರ ಪೆನ್ನು ಆಗಲೇ ಕೈಯಲ್ಲಿತ್ತು.

"ನಾಕ ತಿಂಗಳ್ರಿ" ಎಂದೆ. ಊರಿನ ಹಿರಿಯರು ಹಾಗೆ ಹೇಳುವುದನ್ನು ಕೇಳಿದ್ದೆ. ಹೇಳುವಾಗ ಅವರು ಮೀಸೆಯೊಳಗೆ ನಗುತ್ತಿದ್ದುದನ್ನೂ ನೋಡಿದ್ದೆ. ಆ ನಗೆ ಏನೆಂದು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ. ನಮ್ಮ ಕಸುಬಿನವರ ರೋಗವೇ ಅದು: ಮನೆಯಲ್ಲಿ ಒಂದು ಅಂಕಿ, ಊರಲ್ಲಿ ಇನ್ನೊಂದು ಕೇಳಿಬಂದರೆ ದೊಡ್ಡದನ್ನು ಹಿಡಿಯುತ್ತೇವೆ.

"ನಾಕ ತಿಂಗಳ ನಿಮ್ಮೂರಿಗಿ" ಎಂದು ಬಾಯಾರು ಬರೆದುಕೊಂಡರು. ಎರಡು ವರ್ಷ ಕೇಳಿ ನಾಲ್ಕು ತಿಂಗಳು ತಂದರೂ ಊರಲ್ಲಿ ಸಂಭ್ರಮವೇ ಆಯಿತು, ಬೇರೆಯವರಿಗೆ ಅಷ್ಟೂ ಸಿಕ್ಕಿರಲಿಲ್ಲ. ಚೇರಮನ್ನರು ಗುಡಿಯ ಮುಂದೆ ಕಮಾನು ಕಟ್ಟಿಸಿ ಕವಿಗಳ ಹೆಸರು ಬರೆಸುವ ಮಾತಾಡಿದರು. ನಾನು ಪೇಟ ಸುತ್ತಿಸಿಕೊಂಡವನಂತೆ ಮನೆಗೆ ಬಂದೆ.

ಬಾಗಿಲಲ್ಲಿ ಅತ್ತೆ ಕೂತಿದ್ದಳು. ಊರೆಲ್ಲ ಆಡುತ್ತಿದ್ದ ಮಾತು ಅವಳನ್ನು ನನಗಿಂತ ಮೊದಲೇ ಮುಟ್ಟಿತ್ತು.

"ಏ ಖೋಡಿ, ಎಮ್ಮಿ ಮಾರೂ ಮುಂದ ಎಮ್ಮಿ ಮಾಲಕನ್ನ ಕೇಳ್ತಿ ಇಲ್ಲೋ?"

"ಕೇಳ್ತೇನತ್ತಿ."

"ಮತ್ತ ನಮ್ಮವ್ವನ್ನ ಯಾರನ್ನ ಕೇಳಿ ಮಾರಿ ಬಂದಿ?"

ಅತ್ತೆ ನೆಲ ನೋಡುತ್ತ ಹೇಳಿದಳು. ಆ ಹುಡುಗ ಇದ್ದಾಗ ಅವಳು ಆರೇಳು ವರ್ಷದವಳು, ನನ್ನಪ್ಪ ತೊಟ್ಟಿಲಲ್ಲಿ. ಅವನು ಹೋದ ಮೇಲೆ ಊರಿನ ಬಾಯಿ ಶುರುವಾಯಿತು. ವಿಧವೆಯ ಮನೆಯಲ್ಲಿ ವಯಸ್ಸಿನ ಹುಡುಗ, ನಾಲ್ಕು ತಿಂಗಳು. ಆಯಿ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದಳು: "ಒಂಬತ್ತ ದಿನಾ ಇದ್ದ. ನೀರ ಇಳೀತು, ಹೋದ." ಸಾಯುವತನಕ ಅದನ್ನೇ ಹೇಳಿದಳು. ಊರು ನಾಲ್ಕು ತಿಂಗಳನ್ನು ಬಿಡಲಿಲ್ಲ, ಆಯಿ ಒಂಬತ್ತು ದಿನ ಬಿಡಲಿಲ್ಲ. ಅದಕ್ಕೆ ಮೊದಲು ಯಾರ ಮನೆಯಲ್ಲಿ ಮದುವೆಯಿದ್ದರೂ ಹಿಟ್ಟು ಬೀಸಲು ಆಯಿಗೇ ಮೊದಲು ಕರೆ, ಅವಳ ಹಾಡು ಅಂಥದ್ದು. ಆಮೇಲೆ ಕರೆ ನಿಂತಿತು. ಆಯಿ ಹಾಡುವುದನ್ನೇ ಬಿಟ್ಟಳು.

"ಆಯಿ ಹಾಡತಿದ್ಳಾ?" ಎಂದೆ. ನಿಜ ಹೇಳುತ್ತೇನೆ, ನನಗೆ ನೆನಪಿರುವ ಆಯಿ ಬಾಯಿ ಬಿಗಿದುಕೊಂಡು ಬೀಸುವ ಆಯಿ. ಕಲ್ಲಿನ ಸದ್ದು ಮಾತ್ರ. ಅದೇ ಅವಳ ಸ್ವಭಾವ ಎಂದುಕೊಂಡಿದ್ದೆ. ಅರವತ್ತೆರಡು ವರ್ಷ ಬದುಕಿ, ಸಾವಿರ ಎಮ್ಮೆಗಳ ಕೋಡಿನ ಗೆರೆ ಓದಿದ ನನಗೆ ನನ್ನ ಆಯಿಯ ಒಂದು ಗೆರೆ ಗೊತ್ತಿರಲಿಲ್ಲ.

"ಎಂಬತ್ತ ವರ್ಷದ ಹಿಂದ ಮಂದಿ ಬಾಯಾಗ ಇದ್ದದ್ದನ್ನ ನೀ ಪುಸ್ತಕದಾಗ ಹಾಕಿಸಿ ಬಂದಿ. ಬಾಯಿ ಸಾಯತೈತಿ, ಪುಸ್ತಕ ಸಾಯತೈತೇನು?" ಎಂದಳು ಅತ್ತೆ.

ಮರುದಿನ ಮತ್ತೆ ಚಿಕ್ಕೋಡಿ. ಈ ಸಲ ಒಂದು ಡಜನ್ ಬಾಳೆಹಣ್ಣು ಒಯ್ದೆ, ಗರಜು ಇತ್ತು. ಬಾಯಾರು ಅಷ್ಟರಲ್ಲೇ ಅಧ್ಯಾಯ ಬರೆದು ಮುಗಿಸಿದ್ದರು. ಸಿಕ್ಕದ್ದು ಸಿಕ್ಕ ಕೂಡಲೇ ಕೂತವರು, ಎದ್ದೇ ಇರಲಿಲ್ಲವೇನೋ.

"ಬಾಯಾರ, ನಾಕ ತಿಂಗಳ ಭಾಳ ಆತ್ರಿ. ಒಂಬತ್ತ ದಿನಕ್ಕ ಮುಗಸ್ರಿ."

"ಎರಡ ವರ್ಷ ಕೇಳಿದಾವ್ರು ನೀವ ಅಲ್ರಿ?"

"ಅವಾಗ ನಾ ಶ್ಯಾಣ್ಯಾ ಇದ್ನಿರಿ."

ಅವರಿಗೆ ನಗು ಬರಲಿಲ್ಲ. "ಒಂಬತ್ತ ದಿನದಾಗ ಎಮ್ಮಿ ಗುಣಾ ತಿಳೀಬಹುದು ದಲಾಲ್ರ. ಮನಷ್ಯಾರ ದನಿ ಒಳಗ ಇಳ್ಯಾಕ ಸಾಲಂಗಿಲ್ಲ. ನಾಕ ತಿಂಗಳಾ ತಗದ್ರ ನನ್ನ ಕಾದಂಬರಿ ಕುಂಟತೈತಿ."

ತಿಂಗಳು ಎರಡಕ್ಕೆ ಇಳಿಸಿ ನೋಡಿದೆ, ಒಂದೂವರೆಗೆ ಬಂದೆ, ಪಕ್ಕದೂರಿಗೆ ಕೊಟ್ಟುಬಿಡಿ ಎಂದೂ ಅಂದೆ. ಮಾರುವವನೇ ಬೆಲೆ ಇಳಿಸುತ್ತ ಹೋಗುವ ವ್ಯಾಪಾರವನ್ನು ಯಾವ ಸಂತೆಯಲ್ಲೂ ಕಂಡಿರಲಾರಿರಿ. ಕೊನೆಗೆ ಟವೆಲ್ಲು ತೆಗೆದಿಟ್ಟು ಇದ್ದದ್ದನ್ನು ಹೇಳಿದೆ: ಊರಿನ ಬಾಯಿ, ನಿಂತುಹೋದ ಹಾಡು, ಅತ್ತೆ ಕೇಳಿದ ಪ್ರಶ್ನೆ. ಬಾಯಾರು ಹಾಳೆಗಳನ್ನು ಒಂದು ದಾರದಲ್ಲಿ ಕಟ್ಟಿ ನನ್ನ ಕೈಗಿತ್ತರು. "ಓದ್ರಿ. ಓದಿದ ಮ್ಯಾಲೂ ನಿಮಗ, ನಿಮ್ಮ ಅತ್ತೀಗಿ ಬ್ಯಾಡ ಅನಿಸಿದ್ರ ನಾನ ಬಂದು ನಿಮ್ಮ ಮುಂದ ಹರದ ಒಗೀತೇನಿ."

ಹೇಳಿದಂತೆ ಮಾಡುವವರು. ಆ ಮುಖ ನೋಡಿಯೇ ಗೊತ್ತಾಯಿತು.

ಬಸ್ಸಿನಲ್ಲಿ ಓದತೊಡಗಿದೆ. ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಎಳೆದುಕೊಂಡು, ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಹೋಗುವ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳುತ್ತಿತ್ತು. ಸಾಮಾನ್ಯವಾಗಿ ನಾನು ಇಂಥ ಹೊತ್ತಲ್ಲಿ ಡ್ರೈವರನಿಗೆ ಸಲಹೆ ಕೊಡುತ್ತ ನಿಲ್ಲುವವನು. ಅಂದು ತಲೆಯೆತ್ತಲಿಲ್ಲ.

ನಾನು ಹುಡುಕುತ್ತಿದ್ದುದು ಅಶ್ಲೀಲವನ್ನು. ಸಿಕ್ಕರೆ ಹಾಳೆ ಹರಿದುಹಾಕಿಸಬಹುದು ಎಂದು. ಅದು ಇರಲಿಲ್ಲ. ಒಂದು ಕೊಟ್ಟಿಗೆ ಇತ್ತು, ನಡುವೆ ಮಣ್ಣಿನ ಗೋಡೆ, ಆಚೆ ಬೀಸುಕಲ್ಲು. ಬೆಳಕು ಹರಿಯುವ ಮುಂಚೆ ಅವಳು ಬೀಸುತ್ತ ಹಾಡುತ್ತಾಳೆ, ಹುಡುಗ ಈಚೆ ಹುಲ್ಲಿನ ಮೇಲೆ ಮಲಗಿ ಕೇಳುತ್ತಾನೆ. ಕಲ್ಲು ಎಲ್ಲಿ ಭಾರವಾಗುತ್ತದೆ, ಅಲ್ಲಿ ಹಾಡಿನ ಸಾಲು ಎಲ್ಲಿ ಮುರಿಯುತ್ತದೆ, ಮುರಿದ ಸಾಲನ್ನು ಅವಳು ಹೇಗೆ ಎತ್ತಿಕೊಳ್ಳುತ್ತಾಳೆ. ಅವನು ಕಲಿಯುತ್ತಿದ್ದಾನೆಂದು ಅವಳಿಗೆ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಅವಳು ಹೊಸ್ತಿಲ ಮೇಲೆ ರೊಟ್ಟಿಯ ಗಂಗಾಳ ಇಟ್ಟು ಒಳಗೆ ಹೋಗುತ್ತಾಳೆ. ಅವನು ಉಂಡು, ತೊಳೆದು, ಬೋರಲು ಹಾಕಿಡುತ್ತಾನೆ. ದಿನಕ್ಕೊಮ್ಮೆ ಒಂದೇ ಮಾತು.

"ನೀರ ಇಳೀತೇನೋ ತಮ್ಮಾ?"

"ಇನ್ನೂ ಇಲ್ಲ ಯಕ್ಕಾ."

ಹೀಗೇ ಹಾಳೆಗಳು ಮುಂದುವರಿಯುತ್ತವೆ. ಮಳೆ ನಿಲ್ಲುತ್ತದೆ. ಹೊಳೆಯ ಬಣ್ಣ ತಿಳಿಯಾಗುತ್ತದೆ. ದಂಡೆಯ ಕಲ್ಲುಗಳು ಒಂದೊಂದಾಗಿ ಬೆನ್ನು ತೋರಿಸುತ್ತವೆ. ದೋಣಿ ಮತ್ತೆ ಓಡಾಡತೊಡಗುತ್ತದೆ. ಅವಳ ಬಾಗಿಲಲ್ಲಿ ನಿಂತರೆ ಹೊಳೆ ಕಾಣುತ್ತದೆ.

"ನೀರ ಇಳೀತೇನೋ ತಮ್ಮಾ?"

"ಇನ್ನೂ ಇಲ್ಲ ಯಕ್ಕಾ."

ಅವಳು ಹೊಳೆಯತ್ತ ನೋಡಿ, "ಹೂಂ, ಇನ್ನೂ ಇಲ್ಲ" ಎನ್ನುತ್ತಾಳೆ.

ನಾನು ಹಾಳೆ ಮಡಿಚಿದೆ. ಬಸ್ಸು ನಿಂತಿತ್ತೋ ಹೋಗುತ್ತಿತ್ತೋ ತಿಳಿಯಲಿಲ್ಲ. ನಲವತ್ತು ವರ್ಷ ಟವೆಲ್ಲಿನ ಕೆಳಗೆ ಬೆರಳು ಹಿಡಿದಿದ್ದೇನೆ. ಬಾಯಿ ಒಂದು, ಕೈ ಇನ್ನೊಂದು ಎನ್ನುವ ಆಟವನ್ನು ನಾವು ದನದವರು ಕಟ್ಟಿದ್ದೇವೆ ಎಂಬ ಗರ್ವ ನನಗಿತ್ತು. ಇಬ್ಬರು ಮನುಷ್ಯರು ನಡುವೆ ಒಂದು ಇಡೀ ಹೊಳೆಯನ್ನು ಟವೆಲ್ಲಿನಂತೆ ಹಾಸಿಕೊಂಡು, ಬೆರಳೂ ಮುಟ್ಟದೆ, ಮಾತು ಮುಗಿಸಿದ್ದನ್ನು ನಾನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಮತ್ತು ಇದನ್ನು ಕಂಡವರು ಯಾರು? ಆ ದಂಡೆಯ ಮೇಲೆ ಕಾಲಿಡದ, ಆ ಹೆಂಗಸನ್ನು ನೋಡದ, ಚಿಕ್ಕೋಡಿಯಲ್ಲಿ ವ್ಯಾಕರಣ ಕಲಿಸಿಕೊಂಡಿದ್ದ ಒಬ್ಬ ಬಾಯಾರು. ನಾನು ಕೊಟ್ಟದ್ದು ನಾಲ್ಕು ವಾಕ್ಯ. ಕರು ಹುಟ್ಟುವುದನ್ನು ಎಷ್ಟು ಸಲ ನೋಡಿದ್ದರೂ ಪ್ರತಿಸಲ ಮೈ ಜುಮ್ಮೆನ್ನುತ್ತದಲ್ಲ, ಹಾಗಾಯಿತು. ಇಲ್ಲಿ ಏನೂ ಇರಲಿಲ್ಲ. ಈಗ ಒಂದು ಜೀವ ಎದ್ದು ನಿಲ್ಲಲು ಒದ್ದಾಡುತ್ತಿದೆ.

ಕಾದಂಬರಿ ಅಂದರೆ ಸುಳ್ಳು ಎಂದು ನಾನೂ ನಂಬಿದ್ದೆ, ನೀವೂ ಕೆಲವರು ನಂಬಿರಬಹುದು. ಹಿರಿಯನ ಮಾತು ಕೇಳಿ: ಓದುವ ಮುಂಚೆ ಅದಕ್ಕೆ ಬೆಲೆ ಕಟ್ಟಬೇಡಿ. ನಾನು ಕಟ್ಟಿ ಕೆಟ್ಟೆ.

ಆದರೂ ಅತ್ತೆಯ ಮುಂದೆ ಅದನ್ನು ಓದುವ ಧೈರ್ಯ ನನಗಾಗಲಿಲ್ಲ. ಬಾಯಾರಿಗೇ ಫೋನು ಮಾಡಿದೆ. ಅವರು ಭಾನುವಾರ ಮುಂಜಾನೆ ಬಂದು ನಮ್ಮ ಪಡಸಾಲೆಯ ಜಮಖಾನೆಯ ಮೇಲೆ ಕೂತು, ಅತ್ತೆಗೆ ಕೇಳಿಸುವಂತೆ ದೊಡ್ಡದಾಗಿ ಓದಿದರು. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ನಾನು ಅವಳ ಪಕ್ಕದಲ್ಲಿ, ಮೊದಲ ಸಂತೆಯ ದಿನದ ಹಾಗೆ ಬೆವರುತ್ತ ಕೂತಿದ್ದೆ. ಹಾಡಿನ ಜಾಗ ಬಂದಾಗ ಅತ್ತೆಯ ಗದ್ದ ಕಲ್ಲಿನ ಸುತ್ತಿಗೆ ತಕ್ಕಂತೆ ಅಲುಗುವುದನ್ನು ಕಂಡೆ. "ಹೂಂ, ಇನ್ನೂ ಇಲ್ಲ" ಎಂಬಲ್ಲಿಗೆ ಬಾಯಾರು ನಿಲ್ಲಿಸಿದರು.

ಅತ್ತೆ ಕಣ್ಣು ತೆರೆಯಲಿಲ್ಲ. "ಸುಳ್ಳ. ಒಂಬತ್ತ ದಿನಾ ಇದ್ದ. ನೀರ ಇಳೀತು, ಹೋದ" ಎಂದಳು. ತಾಯಿಯ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ.

ಬಾಯಾರ ಮುಖ ಬಾಡಿತು. ಹಾಳೆಗಳನ್ನು ಸರಿಪಡಿಸಿ, ಎರಡೂ ಕೈಯಲ್ಲಿ ಹಿಡಿದು, ಹರಿಯಲು ಅನುವಾದರು.

ಆಗ ಅತ್ತೆ ನನ್ನ ಕೈಯನ್ನು ತನ್ನ ಸೆರಗಿನ ಕೆಳಗೆ ಎಳೆದುಕೊಂಡಳು. ಒಣಗಿದ ಶೇಂಗಾ ಬುಡ್ಡಿಯಂಥ ಬೆರಳುಗಳು. ನಲವತ್ತು ವರ್ಷದ ಮೇಲೆ ಆ ಕೈ ನನ್ನ ಬೆರಳು ಹಿಡಿಯಿತು. ಹಿಡಿದು, ಗಟ್ಟಿಯಾಗಿ ಒತ್ತಿ, ಬಿಟ್ಟಿತು.

ಎಷ್ಟು ಬೆರಳು ಎಂದು ಕೇಳಬೇಡಿ, ಅದು ಸೆರಗಿನ ಕೆಳಗಿನ ಮಾತು. ಒಂಬತ್ತು ಹೇಳಬೇಕಾದರೆ ಎರಡು ಸಲ ಹಿಡಿಯಬೇಕು. ಅತ್ತೆ ಒಂದೇ ಸಲ ಹಿಡಿದಳು. ಇಷ್ಟು ಮಾತ್ರ ಹೇಳಬಲ್ಲೆ. ಇಷ್ಟು ಹೇಳಿದ್ದೂ ತಪ್ಪೇ. ಆದರೆ ಅತ್ತೆಗೆ ಓದು ಬರುವುದಿಲ್ಲ, ಓದು ಬರುವ ನಮ್ಮೂರಿನವರು ದಲ್ಲಾಳಿ ಬರೆದದ್ದನ್ನು ಓದುವುದಿಲ್ಲ.

"ಹಾಳಿ ಹರೀಬ್ಯಾಡ್ರಿ ಬಾಯಾರ" ಎಂದಳು ಅತ್ತೆ, ಕಣ್ಣು ತೆರೆದು. "ಸುಳ್ಳ ಐತಿ, ಇರ್ಲಿ. ಊರ ಹೆಸರ ಒಂದ ಹಾಕಬ್ಯಾಡ್ರಿ. ಮತ್ತ ಆಕೀಗಿ ಹಾಡ ಕೊಟ್ಟೀರಲ್ಲ, ಅದನ್ನ ತಗೀಬ್ಯಾಡ್ರಿ."

ಎಂಬತ್ತು ವರ್ಷ ನಮ್ಮ ಮನೆ ಆಯಿಯ ಮಾನಕ್ಕೆ ಒಂಬತ್ತು ದಿನದ ಲೆಕ್ಕವನ್ನು ಕಾವಲಿಟ್ಟಿತ್ತು. ಊರು ಅಂಕಿಯಲ್ಲಿ ಗೆದ್ದಿತ್ತೇನೋ. ಆ ದಿನಗಳಲ್ಲಿ ಏನಿತ್ತು ಎಂಬುದು ಮಾತ್ರ ಊರಿಗೆ ತಿಳಿದಿರಲಿಲ್ಲ. ಅದನ್ನು ತಿಳಿದವಳು ಗೋಡೆಗೊರಗಿ ಕೂತಿದ್ದಳು, ಮತ್ತು ತಿಳಿಯದೆಯೇ ಬರೆದವರು ಎದುರಿಗೆ ಜಮಖಾನೆಯ ಮೇಲೆ. ನಡುವೆ ಕೂತವನು ದಲ್ಲಾಳಿ. ಬಾಯಾರು ಅತ್ತೆಯ ಪಾದ ಮುಟ್ಟಿ ನಮಸ್ಕರಿಸಿ, ಹಾಳೆಗಳನ್ನು ಎದೆಗವಚಿಕೊಂಡು ಹೋದರು. ಅವರು ಒಂಬತ್ತನ್ನು ಮಾತ್ರ ಕೇಳಿಸಿಕೊಂಡು ಹೋದರು. ನಾನು ಇಂದಿಗೂ ಅವರಿಗೆ ಇನ್ನೊಂದನ್ನು ಹೇಳಿಲ್ಲ.

ಕಾದಂಬರಿ ಬಂತು. ನಾಲ್ಕು ತಿಂಗಳು ಇದೆ, ಹಾಡು ಇದೆ, ಹೊಳೆ ಇದೆ. ಊರಿಗೆ ಹೆಸರಿಲ್ಲ. ಚೇರಮನ್ನರು ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿ, "ಎರಡ ವರ್ಷ ತಾ ಅಂತ ಕಳಿಸಿದ್ರ ಊರ ಹೆಸರ ಸೈತ ಕಳಕೊಂಡ ಬಂದ್ಯಲ್ಲೋ ದಲಾಲಾ! ನಾಳೆ ನಿನ್ನ ಕಡೆ ನಮ್ಮ ಎಮ್ಮಿ ಕೊಟ್ರ 'ಎಮ್ಮಿ ಹೋತು, ಹಗ್ಗ ಇಲ್ಲಿ ಐತಿ' ಅಂತೀ ಏನ?" ಎಂದು ಬೈದರು. ಬೈಸಿಕೊಂಡೆ. ಕಮಾನು ಕಟ್ಟುವ ಮಾತು ನಿಂತಿತು.

ತಮಾಷೆಯೆಂದರೆ ಹೆಸರಿಲ್ಲದ್ದಕ್ಕೇ ಈಗ ಯಡೂರಿನಿಂದ ಸತ್ತಿಯವರೆಗೆ ಹೊಳೆ ದಂಡೆಯವರೆಲ್ಲ ಅದು ತಮ್ಮೂರೇ ಅನ್ನುತ್ತಾರೆ. ಒಂದು ಕಡೆಯಂತೂ ಒಂದು ಬೀಸುಕಲ್ಲಿಗೆ ಅರಿಶಿನ ಹಚ್ಚಿ ಇಟ್ಟಿದ್ದಾರೆ. ಹೋಗಿ ನೋಡಿದೆ, ಒಳ್ಳೆಯ ಕಲ್ಲು. ಕೈ ಮುಗಿದು ಬಂದೆ. ನಮ್ಮ ಆಯಿಯ ಕಲ್ಲು ಹಿತ್ತಲಲ್ಲಿದೆ, ಅದರ ಗೂಟಕ್ಕೆ ಒಂದು ಕರು ಕಟ್ಟಿದ್ದೇನೆ. ಬೆಲೆಯಿರುವ ವಸ್ತುವನ್ನು ಎಲ್ಲರ ಮುಂದೆ ಇಡಬೇಡಿ ಎಂಬುದು ನನ್ನ ಹಳೆಯ ಸಲಹೆ, ಈಗ ನಾನೇ ಪಾಲಿಸುತ್ತಿದ್ದೇನೆ.

ಆ ಹುಡುಗ ನಿಜಕ್ಕೂ ಕವಿಗಳೇ ಹೌದೋ? ಗೊತ್ತಿಲ್ಲ. ಮೊದಲು ಇದು ನನಗೆ ದೊಡ್ಡ ಪ್ರಶ್ನೆಯಾಗಿತ್ತು. ಈಗ ಅವರ ನಾಟಕ ಎಲ್ಲಾದರೂ ನಡೆದರೆ ಹೋಗಿ ಹಿಂದಿನ ಸಾಲಲ್ಲಿ ಕೂರುತ್ತೇನೆ. ಹೆಣ್ಣು ಪಾತ್ರ ಮಾತಾಡುವಾಗ, ಒಂದು ಸಾಲು ಉದ್ದ, ಒಂದು ಗಿಡ್ಡ, ನಡುವೆ ಉಸಿರು, ಕಣ್ಣು ಮುಚ್ಚಿಕೊಳ್ಳುತ್ತೇನೆ. ನಾನು ಎಂದೂ ಕೇಳದ ಒಂದು ದನಿ ಕೇಳಿದಂತಾಗುತ್ತದೆ.

ಈಗ ಬೇಸಿಗೆ. ಕೃಷ್ಣೆ ಒಣಗಿ ನಡುವೆ ಹಾಸುಗಲ್ಲು ಎದ್ದಿವೆ, ದನಗಳು ಮೊಣಕಾಲೂ ತೋಯದೆ ಆಚೆ ದಂಡೆಗೆ ಮೇಯಲು ಹೋಗುತ್ತವೆ. ಅತ್ತೆಯನ್ನು ಸಂಜೆ ಬಾಗಿಲಿಗೆ ತಂದು ಕೂರಿಸುತ್ತೇನೆ. ಅಲ್ಲಿಂದ ಹೊಳೆ ಕಾಣುತ್ತದೆ. ಅವಳ ಕಣ್ಣಿಗೆ ಎಷ್ಟು ಕಾಣುತ್ತದೋ ನಾನು ಕೇಳಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳುತ್ತಾಳೆ:

"ನೀರ ಇಳೀತೇನೋ ತಮ್ಮಾ?"

ಬೈಯಲು, ಸಲಹೆ ಕೊಡಲು, ಬೆಲೆ ಕಟ್ಟಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸದ ನನ್ನ ಗಂಟಲನ್ನು ಸರಿಪಡಿಸಿಕೊಂಡು ಹೇಳುತ್ತೇನೆ:

"ಇನ್ನೂ ಇಲ್ಲತ್ತಿ."